ಮುನಿಯಪ್ಪ ಬಿನ್ ಮುನಿಶಾಮಪ್ಪ

ಆನೇಕಲ್ ತಾಲ್ಲೂಕಿನ ಜಮೀನು ಕೈ ಬದಲಾಗುವ ಮೊದಲು ಪತ್ರಿಕೆಯ ಒಳಪುಟದಲ್ಲಿ ವಕೀಲರ ಪ್ರಕಟಣೆಯೊಂದು ಬರುತ್ತದೆ. ಸರ್ವೆ ನಂಬರು, ಎಕರೆ, ಗುಂಟೆ, ಚೆಕ್ಕುಬಂದಿ, ತಕರಾರಿದ್ದವರು ಇಂತಿಷ್ಟು ದಿನದೊಳಗೆ ತಿಳಿಸಬೇಕೆಂಬ ಎಚ್ಚರಿಕೆ. ಕಣ್ಣು ಕಿರಿದು ಮಾಡಿ ಓದಬೇಕಾದ ಆ ಅಕ್ಷರಗಳ ನಡುವೆ ಹೆಸರುಗಳು ಸಾಗುವ ರೀತಿ ಹೆಚ್ಚುಕಡಿಮೆ ಹೀಗೆ: ಮುನಿಯಪ್ಪ ಬಿನ್ ಲೇಟ್ ಮುನಿಶಾಮಪ್ಪ, ಮುನಿಯಮ್ಮ ಕೋಂ ಚಿಕ್ಕಮುನಿಯಪ್ಪ, ಮುನಿರಾಜು ಉರುಫ್ ರಾಜಪ್ಪ. ವಂಶವೃಕ್ಷದ ಕೊನೆಯ ಸಾಲಿಗೆ ಬಂದಾಗ ಮಾತ್ರ ಗಾಳಿ ದಿಕ್ಕು ಬದಲಿಸುತ್ತದೆ. ಅಲ್ಲಿ ರಕ್ಷಿತ್, ಯಶಸ್, ಸಾನ್ವಿ.

ಹೊಸೂರು ರಸ್ತೆಯಿಂದ ಆನೇಕಲ್ ದಾರಿ ಕವಲೊಡೆಯುವ ಚಂದಾಪುರದ ಸುತ್ತಮುತ್ತ ಅರವತ್ತು ದಾಟಿದವರಲ್ಲಿ ‘ಮುನಿ’ ಇಲ್ಲದ ಮನೆ ಹುಡುಕುವುದು ಕಷ್ಟ. ಅದೇ ಊರಿನ ಅಂಗನವಾಡಿಯಲ್ಲಿ ‘ಮುನಿ’ ಎಂದು ಕೂಗಿದರೆ ಓಗೊಡುವ ಮಗು ಸಿಗುವುದು ಇನ್ನೂ ಕಷ್ಟ.

ಈ ಹೆಸರಿಗೊಂದು ಸೀಮೆಯಿದೆ. ಆನೇಕಲ್, ಹೊಸಕೋಟೆ, ದೇವನಹಳ್ಳಿ, ಕೋಲಾರ, ಚಿಕ್ಕಬಳ್ಳಾಪುರ. ಗಡಿಯಾಚೆ ಹೊಸೂರು, ಕೃಷ್ಣಗಿರಿ, ಚಿತ್ತೂರು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಓಡಾಡುವ ನೆಲ ಇದು. ಹೆಸರಿಗೂ ಆ ಮೂರು ಭಾಷೆಗಳ ಹಂಗಿಲ್ಲ. ತುಮಕೂರು ದಾಟಿ ಬಡಗಲಿಗೆ ಹೋದರೆ ಬಸಪ್ಪ, ಮಲ್ಲಪ್ಪ, ಫಕೀರಪ್ಪ ಸಿಗುತ್ತಾರೆಯೇ ಹೊರತು ಮುನಿಯಪ್ಪ ಸಿಗುವುದು ಅಪರೂಪ. ಧಾರವಾಡದವರ ಕಿವಿಗೆ ‘ಮುನಿವೆಂಕಟಪ್ಪ’ ಎಂಬುದು ಎರಡು ಹೆಸರುಗಳನ್ನು ತಪ್ಪಿ ಕೂಡಿಸಿದಂತೆ ಕೇಳಿಸುತ್ತದೆ. ಹಾಗೆ ನೋಡಿದರೆ ಆ ಕಡೆಯೂ ಇದಕ್ಕೊಬ್ಬ ದಾಯಾದಿ ಇದ್ದಾನೆ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರನಿಂದಾಗಿ ಆ ಭಾಗದಲ್ಲೆಲ್ಲ ಮೌನೇಶ ಎಂಬ ಹೆಸರು ಹಬ್ಬಿದೆ. ಸಂಸ್ಕೃತದಲ್ಲಿ ‘ಮುನಿ’ಯ ಸ್ವಭಾವವೇ ‘ಮೌನ’. ಬುಡ ಒಂದೇ ಆದರೂ ತೆಂಕಣವರು ಒಂದು ಕೊಂಬೆ ಹಿಡಿದರು, ಬಡಗಣವರು ಇನ್ನೊಂದು.

ಸಂಸ್ಕೃತದ ಮುನಿ ಬಹಳ ಹಳಬ. ಋಗ್ವೇದದ ಹತ್ತನೆಯ ಮಂಡಲದಲ್ಲೇ ಉದ್ದಕೂದಲಿನ ಮುನಿಯೊಬ್ಬನ ಮೇಲೆ ಸೂಕ್ತವಿದೆ. ಬುದ್ಧ ಶಾಕ್ಯಮುನಿ, ಜೈನರ ಇಪ್ಪತ್ತನೆಯ ತೀರ್ಥಂಕರ ಮುನಿಸುವ್ರತ, ಪಾಣಿನಿ, ಕಾತ್ಯಾಯನ, ಪತಂಜಲಿ ಮೂವರೂ ಸೇರಿ ವ್ಯಾಕರಣದ ಮುನಿತ್ರಯ. ನಾಥಮುನಿ, ಭರತಮುನಿ ಎನ್ನುವಾಗ ಈ ಪದ ಬಿರುದಿನ ಹಾಗೆ ಹೆಸರಿನ ಕೊನೆಯಲ್ಲಿ ಕೂರುತ್ತದೆ. ಆನೇಕಲ್ಲಿನಲ್ಲಿ ಹಾಗಲ್ಲ, ಇಲ್ಲಿ ಅದಕ್ಕೆ ಮೊದಲ ಜಾಗ. ತಪಸ್ಸಿಗೆ ಕೂತ ಋಷಿಗೂ ಮುನಿಯಪ್ಪನಿಗೂ ನೇರ ನಂಟು ಕಲ್ಪಿಸಲು ಹೊರಟರೆ ದಾರಿ ತಪ್ಪುತ್ತದೆ. ನಂಟು ಇರುವುದು ಮುನೇಶ್ವರನ ಜೊತೆ.

ಮುನೇಶ್ವರ ಊರ ಗಡಿಯ ದೇವರು. ಕೆರೆ ಏರಿಯ ಮೇಲೋ ತೋಟದ ಮೂಲೆಯಲ್ಲೋ ಮರದ ಬುಡದಲ್ಲಿ ಅರಿಸಿನ ಬಳಿದ ಕಲ್ಲು, ನೆಟ್ಟ ತ್ರಿಶೂಲ, ಇಷ್ಟಿದ್ದರೆ ಅವನ ಗುಡಿ. ‘ಮುನಿದ್ಯಾವ್ರಿಗೆ ಮಾಡೋದು’ ಎಂದರೆ ಅಲ್ಲೇ ಒಲೆ ಹೂಡಿ, ಕೋಳಿಯೋ ಕುರಿಯೋ ಕೊಯ್ದು, ಅಲ್ಲೇ ಬೇಯಿಸಿ ಉಣ್ಣುವುದು. ಕೆಲವು ಮನೆತನಗಳಲ್ಲಿ ಆ ಊಟ ಗಂಡಸರಿಗೆ ಮಾತ್ರ, ಉಳಿದದ್ದನ್ನು ಮನೆಗೆ ತರುವಂತಿಲ್ಲ. ಮಕ್ಕಳಾಗದವರು, ಹುಟ್ಟಿದ್ದು ಉಳಿಯದವರು ಅವನಿಗೆ ಹರಕೆ ಹೊರುತ್ತಾರೆ. ಹುಟ್ಟಿದ ಮಗುವಿನ ಮೊದಲ ಮುಡಿಯೂ ಅವನಿಗೆ, ಹೆಸರೂ ಅವನದೇ. ಮಾತು ತಪ್ಪಿದರೆ ಮುನಿಯುತ್ತಾನೆ ಎಂಬ ಭಯ ಬೇರೆ.

ಆ ‘ಮುನಿಯುತ್ತಾನೆ’ ಸಂಸ್ಕೃತದ್ದಲ್ಲ, ಅಪ್ಪಟ ಕನ್ನಡದ್ದು. ಮುನಿ ಎಂದರೆ ಸಿಟ್ಟಾಗು. ಮುನಿಸು ಎಂದರೆ ಕೋಪ. ಮುಟ್ಟಿದ ಕೂಡಲೇ ಎಲೆ ಮಡಚಿಕೊಳ್ಳುವ ಗಿಡಕ್ಕೆ ನಮ್ಮವರು ‘ಮುಟ್ಟಿದರೆ ಮುನಿ’ ಎಂದು ಹೆಸರಿಟ್ಟದ್ದು ಇದೇ ಕ್ರಿಯಾಪದದಿಂದ. ನಿಘಂಟುಗಳು ಇವೆರಡನ್ನೂ ಬೇರೆ ಬೇರೆ ಪದಗಳೆಂದೇ ನಮೂದಿಸುತ್ತವೆ, ಅದು ಸರಿಯೂ ಹೌದು. ಆದರೂ ಶಾಂತನಾದ ಋಷಿಯ ಹೆಸರು ಹೊತ್ತ ದೇವರು ಇಷ್ಟು ಮುಂಗೋಪಿ ಆದದ್ದರಲ್ಲಿ ಕನ್ನಡದ ಕಿವಿಯ ಪಾಲೂ ಇದ್ದಿರಬೇಕು ಎನಿಸದೆ ಇರದು. (ತಮಿಳುನಾಡಿನ ಮುನಿಯಾಂಡಿಯೂ ಉಗ್ರನೇ, ತಮಿಳಿನಲ್ಲೂ ಮುನಿ ಎಂದರೆ ಕೋಪಿಸಿಕೊಳ್ಳು. ಮಧುರೈ ಕಡೆಯ ವಡಕ್ಕಂಪಟ್ಟಿಯಲ್ಲಿ ಅವನ ವಾರ್ಷಿಕ ಹಬ್ಬದ ಪ್ರಸಾದ ಮಟನ್ ಬಿರಿಯಾನಿ. ‘ಮುನಿಯಾಂಡಿ ವಿಲಾಸ್’ ಹೋಟೆಲುಗಳ ಮೂಲವೂ ಅದೇ ಊರು.)

ಮುನಿಯ ದೊಡ್ಡ ಗುಣವೆಂದರೆ ಹೊಂದಾಣಿಕೆ. ಮುನಿವೆಂಕಟಪ್ಪ, ಮುನಿಆಂಜಿನಪ್ಪ, ಮುನಿನಂಜಪ್ಪ, ಮುನಿಕೃಷ್ಣ, ಮುನಿಯಲ್ಲಪ್ಪ, ಮುನಿಲಕ್ಷ್ಮಮ್ಮ, ಮುನಿರತ್ನಮ್ಮ. ತಿರುಪತಿಯ ತಿಮ್ಮಪ್ಪನಾಗಲಿ, ನಂಜನಗೂಡಿನ ನಂಜುಂಡನಾಗಲಿ ಆನೇಕಲ್ ಸೀಮೆಯ ತೊಟ್ಟಿಲಿಗೆ ಬರಬೇಕಾದರೆ ಊರ ಗಡಿಯಲ್ಲಿ ಕೂತ ಮುನೇಶ್ವರನನ್ನು ದಾಟಿಯೇ ಬರಬೇಕು ಎನ್ನುವ ಹಾಗಿದೆ ಈ ಜೋಡಣೆ. ಜಾತಿಯ ಗುಟ್ಟನ್ನೂ ಈ ಪದ ಬಿಟ್ಟುಕೊಡುವುದಿಲ್ಲ. ಒಕ್ಕಲಿಗರ ಮುನೇಗೌಡ, ರೆಡ್ಡಿಗಳ ಮುನಿರೆಡ್ಡಿ, ದಲಿತರ ಕೇರಿಯ ಮುನಿಯಪ್ಪ, ಎಲ್ಲರಿಗೂ ಮೊದಲರ್ಧ ಒಂದೇ. ಬೇಲಿ ಹಾಕುವುದೇನಿದ್ದರೂ ಬಾಲದಲ್ಲಿ.

ಹೆಸರಿನ ದಟ್ಟಣೆ ಎಷ್ಟಿತ್ತೆಂಬುದಕ್ಕೆ ಕೋಲಾರ ಲೋಕಸಭಾ ಕ್ಷೇತ್ರವೇ ಸಾಕ್ಷಿ. 1991ರಿಂದ ಸತತ ಏಳು ಬಾರಿ ಗೆದ್ದ ಕೆ.ಎಚ್. ಮುನಿಯಪ್ಪ 2019ರಲ್ಲಿ ಸೋತರು. ಗೆದ್ದವರು ಎಸ್. ಮುನಿಸ್ವಾಮಿ. ಮುನಿಯನ್ನು ಇಳಿಸಲು ಇನ್ನೊಬ್ಬ ಮುನಿಯೇ ಬೇಕಾಯಿತು ಎಂದು ಬೇರೆ ಯಾವ ಕ್ಷೇತ್ರದವರು ಹೇಳಿಕೊಳ್ಳಬಲ್ಲರು? 2023ರ ಪದ್ಮಶ್ರೀ ಪಟ್ಟಿಯಲ್ಲೂ ಈ ಸೀಮೆಯ ಹೆಸರಿತ್ತು: ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ. ದೆಹಲಿಯಲ್ಲಿ ಅದನ್ನು ಒಂದೇ ಉಸಿರಿಗೆ ಓದಿದವರ ಪುಪ್ಪುಸಕ್ಕೂ ಒಂದು ಪದಕ ಸಲ್ಲಬೇಕಿತ್ತು.

ಇಷ್ಟೆಲ್ಲ ಇದ್ದೂ ಹೆಸರು ತೊಟ್ಟಿಲು ಬಿಟ್ಟದ್ದು ಯಾಕೆ? ‘ಫ್ಯಾಷನ್ ಬದಲಾಯಿತು’ ಎಂಬುದು ಸುಲಭದ ಉತ್ತರ, ಪೂರ್ತಿ ನಿಜವಲ್ಲ. ಬೆಂಗಳೂರಿನ ಹಾಸ್ಯ ನಾಟಕಗಳೂ ನಗೆಹನಿಗಳೂ ಮನೆಕೆಲಸದವಳು ಬೇಕಾದಾಗಲೆಲ್ಲ ಆಕೆಗೆ ಮುನಿಯಮ್ಮ ಎಂದೇ ನಾಮಕರಣ ಮಾಡಿದವು. ನಗರದ ಅಂಚಿನ ಹಳ್ಳಿಯಿಂದ ಮನೆಕೆಲಸಕ್ಕೂ ಗಾರೆಕೆಲಸಕ್ಕೂ ಬಂದವರ ಹೆಸರು ಅದಾಗಿತ್ತು, ನಿಜ. ನಗು ಅಲ್ಲಿಂದಲೇ ಹುಟ್ಟಿತು. ಹೆಬ್ಬಗೋಡಿ, ಬೊಮ್ಮಸಂದ್ರಗಳಲ್ಲಿ ಕಾರ್ಖಾನೆಗಳೂ ದೊಡ್ಡತೋಗೂರು, ಕೋನಪ್ಪನ ಅಗ್ರಹಾರದ ಹೊಲಗಳ ಮೇಲೆ ಎಲೆಕ್ಟ್ರಾನಿಕ್ ಸಿಟಿಯೂ ಬೆಳೆದಂತೆ, ಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿದ ಮುನಿರಾಜುಗಳು ಆ ನಗುವಿಗೆ ಮಗ ಸಿಗದಿರಲಿ ಎಂದುಕೊಂಡದ್ದರಲ್ಲಿ ತಪ್ಪೇನು? ಹರಕೆ ಮಾತ್ರ ನಿಂತಿಲ್ಲ. ಮುಡಿ ಇಂದಿಗೂ ಮುನೇಶ್ವರನಿಗೇ ಕೊಡುತ್ತಾರೆ, ಬಾಡೂಟಕ್ಕೆ ಶಾಮಿಯಾನ ದೊಡ್ಡದಾಗಿದೆ. ಜನನ ಪ್ರಮಾಣಪತ್ರದಲ್ಲಿ ಅವನಿಗೆ ಜಾಗವಿಲ್ಲ, ಅಷ್ಟೆ.

ಜನರ ಮೈಮೇಲಿಂದ ಇಳಿದ ಹೆಸರು ನೆಲಕ್ಕೆ ಅಂಟಿಕೊಂಡಿದೆ. ಬೆಂಗಳೂರಿನಲ್ಲಿ ಮುನಿರೆಡ್ಡಿಪಾಳ್ಯವಿದೆ, ಮುನೇಶ್ವರ ಬ್ಲಾಕ್ ಇದೆ, ಮುನೇಶ್ವರನಗರವಿದೆ. ರೆವಿನ್ಯೂ ಬಡಾವಣೆಗಳಿಗಂತೂ ಜಮೀನು ಮಾರಿದವನ ಹೆಸರೇ ವಿಳಾಸವಾಗುವುದು ವಾಡಿಕೆ. ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ ಪಾರ್ಸೆಲ್ ತರಿಸಿಕೊಳ್ಳುವಾಗ ಫೋನಿನಲ್ಲಿ ‘ಮುನಿಯಪ್ಪ ಲೇಔಟ್’ ಎಂದು ಬಿಡಿಸಿ ಹೇಳುತ್ತಾನೆ, ಮುನಿಯಪ್ಪ ಯಾರೆಂಬುದು ಅವನಿಗೆ ಗೊತ್ತಿರಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೊ ಹಳದಿ ಮಾರ್ಗದ ನಿಲ್ದಾಣಗಳನ್ನು ಇದರ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಹೆಬ್ಬಗೋಡಿಗೆ ಬಯೋಕಾನ್, ಬೊಮ್ಮಸಂದ್ರಕ್ಕೆ ಡೆಲ್ಟಾ ಎಲೆಕ್ಟ್ರಾನಿಕ್ಸ್, ಕೋನಪ್ಪನ ಅಗ್ರಹಾರಕ್ಕೆ ಇನ್ಫೊಸಿಸ್ ಪ್ರತಿಷ್ಠಾನದ ಹೆಸರು ಸೇರಿದೆ. ಕಂಪನಿಗಳು ದುಡ್ಡು ತೆತ್ತು ಹೆಸರು ಅಂಟಿಸಿದವು, ಮುನಿಯಪ್ಪ ಹೊಲ ಕಳೆದುಕೊಂಡು ಅಂಟಿಸಿದ. ಕೋನಪ್ಪನೂ ಒಂದು ಕಾಲಕ್ಕೆ ಮನುಷ್ಯನ ಹೆಸರೇ. ಇಂದು ಆ ಹೆಸರಿನ ಮಗುವಂತೂ ಸಿಗುವುದು ಕಷ್ಟ, ನಿಲ್ದಾಣ ಮಾತ್ರ ಸಿಗುತ್ತದೆ.

ಇನ್ನೊಂದು ಅಡಗುತಾಣ ಇನಿಷಿಯಲ್ಲು. ಶಾಲೆಯ ಹಾಜರಿಯಲ್ಲಿ ‘ರಕ್ಷಿತ್ ಎಂ.’ ಎಂದಿದ್ದರೆ ಈ ಸೀಮೆಯಲ್ಲಿ ಆ ‘ಎಂ’ ಏನೆಂದು ಮೇಷ್ಟ್ರಿಗೆ ಹೇಳಬೇಕಾಗಿಲ್ಲ. ಆ ಒಂದಕ್ಷರ ಪಾಸ್‌ಪೋರ್ಟಿನ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಮನೆಹೆಸರಿಗೊಂದು ಖಾನೆ. ಹಳೇ ಮೈಸೂರಿನವರಿಗೆ ಮನೆಹೆಸರು ಎಲ್ಲಿದೆ? ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇದ್ದೊಂದು ಹೆಸರು ಮನೆಹೆಸರಿನ ಜಾಗಕ್ಕೆ ಸರಿದು, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬಂದು ಕೂರುತ್ತದೆ. ಹಾಗಾಗಿ ಅಪ್ಪನ ಹೆಸರು ಆ ಖಾನೆಗೆ ಇಳಿಯುತ್ತದೆ. ಮಗ ರಕ್ಷಿತ್ ಮುನಿರಾಜು ಆಗುತ್ತಾನೆ. ಕಾನ್ವೆಂಟಿಗೆ ಸೇರಿಸುವಾಗ ಮನೆಯವರು ಹುಷಾರಾಗಿ ತಪ್ಪಿಸಿದ ಹೆಸರನ್ನು ಬಾಸ್ಟನ್ನಿನಲ್ಲಿ ಕೂತವನು ವಿಡಿಯೊ ಮೀಟಿಂಗಿನಲ್ಲಿ ‘ಮಿಸ್ಟರ್ ಮುನಿರಾಜು’ ಎಂದು ಎಲ್ಲರೆದುರು ಕೂಗುತ್ತಾನೆ.

ಇದು ಹೊಸದೇನೂ ಅಲ್ಲ. ಮದ್ರಾಸಿನಿಂದ ಹೊರಟ ‘ಟ್ರೂರೊ’ ಹಡಗು ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳನ್ನು ಹೊತ್ತು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅಂಥ ಹಡಗುಗಳಲ್ಲಿ ಹೋದ ಮುನಿಸಾಮಿಗಳ ಹೆಸರು ವಸಾಹತು ಕಚೇರಿಯ ಗುಮಾಸ್ತರ ಕೈಗೆ ಸಿಕ್ಕು ತಿರುಚಿಕೊಂಡಿತು, ಮುಂದಿನ ತಲೆಮಾರುಗಳಿಗೆ ಮನೆಹೆಸರಾಯಿತು. ದಕ್ಷಿಣ ಆಫ್ರಿಕಾದಲ್ಲಿ ಇಂದು ಮೂನ್‌ಸಾಮಿ, ಮುನ್ಸಾಮಿ ಎಂಬ ಕುಟುಂಬಗಳಿವೆ, ಮಲೇಷ್ಯಾದಲ್ಲಿ ಮುನಿಯಾಂಡಿಗಳು. ಸಿಂಗಪುರದಲ್ಲಿ ರೈಲ್ವೆ ಕಾರ್ಮಿಕರು 1932ರಲ್ಲಿ ಕಟ್ಟಿಕೊಂಡ ಪುಟ್ಟ ಗುಡಿ ಈಗ ಕ್ವೀನ್ಸ್‌ಟೌನಿನ ದೊಡ್ಡ ಮುನೀಶ್ವರನ್ ದೇವಸ್ಥಾನ. ಅವತ್ತು ಗುಮಾಸ್ತ ಮಾಡಿದ್ದನ್ನು ಇವತ್ತು ಪಾಸ್‌ಪೋರ್ಟಿನ ಅರ್ಜಿ ಮಾಡುತ್ತಿದೆ. ವ್ಯತ್ಯಾಸವಿಷ್ಟೆ: ಅವತ್ತಿನವರು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ್ದರು, ಇವತ್ತಿನವರು ಎಚ್-1ಬಿ ಲಾಟರಿಗೆ ಕಾಯುತ್ತಾರೆ. ಅಲ್ಲೇ ಮಗು ಹುಟ್ಟಿದರೆ ಅದಕ್ಕೆ ಮೊದಲ ಹೆಸರು ಆರಿಸುವುದರಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆದೀತು. ಕೊನೆಯ ಹೆಸರಿನ ಖಾನೆಯಲ್ಲಿ ಮಾತ್ರ ಸಾಮಾನ್ಯವಾಗಿ ಅಪ್ಪನ ಪಾಸ್‌ಪೋರ್ಟಿನಲ್ಲಿರುವ ‘ಮುನಿರಾಜು’ ಎಂಬುದೇ ಬಂದು ಕೂರುತ್ತದೆ, ಹೆಣ್ಣಾದರೂ ಗಂಡಾದರೂ.