ವೃಷಣ ಕ್ಯಾನ್ಸರ್: ಚಿಕಿತ್ಸೆಯ ಗುರಿಯಾಗಿ ಕೋಶವಿಭಜನೆಯ ಪ್ರೋಟೀನುಗಳು

ವೃಷಣ ಕ್ಯಾನ್ಸರಿನ ಕೋಶಗಳು ವಿಭಜನೆಗೊಂಡು ಹೆಚ್ಚಲು ನೆರವಾಗುವ, ಔಷಧಿಯಿಂದ ತಡೆಯಬಹುದಾದ ಪ್ರೋಟೀನುಗಳು. ಈ ಕ್ಯಾನ್ಸರ್ ಬಹುಪಾಲು ಜನನಕೋಶಗಳಲ್ಲಿ ಹುಟ್ಟುತ್ತದೆ, ಯುವಕರಲ್ಲೇ ಹೆಚ್ಚು. ಭಾರತದಲ್ಲಿ ವಿರಳ.

ಬಳಕೆಯಲ್ಲಿರುವ ಔಷಧಿಗಳು: ವಿಭಜನೆಯ ವೇಳೆ ಟ್ಯುಬುಲಿನ್ ಪ್ರೋಟೀನಿನ ಎಳೆಗಳು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ದೊರೆಯುವ ವಿನ್‌ಬ್ಲಾಸ್ಟಿನ್ ಈ ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. 1974ರಲ್ಲಿ ಅಮೆರಿಕದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಇದನ್ನು ಸಿಸ್‌ಪ್ಲಾಟಿನ್, ಬ್ಲಿಯೋಮೈಸಿನ್ ಎಂಬ ಔಷಧಿಗಳೊಡನೆ ಕೊಟ್ಟು, ಹರಡಿದ ರೋಗವನ್ನೂ ಗುಣಪಡಿಸುವ ದಾರಿ ತೆರೆದರು. ಮುಂದೆ ವಿನ್‌ಬ್ಲಾಸ್ಟಿನ್ ಬದಲಿಗೆ ಎಟೊಪೊಸೈಡ್ ಬಂತು. ಅದರ ಗುರಿ ಡಿಎನ್‌ಎ ಸಿಕ್ಕು ಬಿಡಿಸುವ ಟೋಪೊಐಸೊಮರೇಸ್ 2.

ಹೊಸ ಗುರಿಗಳು: ಈ ಗಡ್ಡೆಗಳಲ್ಲಿ 12ನೆಯ ವರ್ಣತಂತುವಿನ ಗಿಡ್ಡ ತೋಳಿನ ಪ್ರತಿಗಳು ಸಾಮಾನ್ಯವಾಗಿ ಹೆಚ್ಚಿರುತ್ತವೆ. ಸೈಕ್ಲಿನ್ ಡಿ2 ಜೀನ್ ಇರುವುದು ಅಲ್ಲೇ. ಆ ಪ್ರೋಟೀನು ಸಿಡಿಕೆ4, ಸಿಡಿಕೆ6 ಕಿಣ್ವಗಳೊಡನೆ ಸೇರಿ ವಿಭಜನೆಗೆ ಚಾಲನೆ ಕೊಡುತ್ತದೆ. ಈ ಕಿಣ್ವಗಳನ್ನು ತಡೆಯುವ ಪಾಲ್ಬೋಸಿಕ್ಲಿಬ್ ಔಷಧಿಯನ್ನು ಈ ಗಡ್ಡೆಗಳ ಒಂದು ಬಗೆಯಾದ ಟೆರಟೋಮಾ ಇರುವ ರೋಗಿಗಳಲ್ಲಿ ಪರೀಕ್ಷಿಸಲಾಗಿದೆ. ಕೋಶವಿಭಜನೆಗೆ ಬೇಕಾದ ಅರೋರಾ ಬಿ, ಪಿಎಲ್‌ಕೆ1 ಕಿಣ್ವಗಳ ತಡೆ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ನಮ್ಮ ಭಾಗದಲ್ಲಿ ಚಿಕಿತ್ಸೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರಿಗೆ ಹತ್ತಿರದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಕೇಂದ್ರ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ವೃಷಣದಲ್ಲಿ ನೋವಿಲ್ಲದ ಗಂಟು ಕಂಡರೂ ಸಂಕೋಚ ಬಿಟ್ಟು ಕೂಡಲೇ ವೈದ್ಯರಿಗೆ ತೋರಿಸಬೇಕು. ಬೇಗ ಪತ್ತೆಯಾದರೆ ಬಹುತೇಕರು ಗುಣವಾಗುತ್ತಾರೆ. ಮಕ್ಕಳು ಬೇಕೆನ್ನುವವರು ಕಿಮೊಥೆರಪಿಗೆ ಮುನ್ನ ವೀರ್ಯ ಸಂಗ್ರಹದ ಬಗ್ಗೆ ವಿಚಾರಿಸುವುದು ಅಗತ್ಯ.