ಸಸಿಹಿತ್ಲು ಕಡಲತೀರದ ಸರ್ಫಿಂಗ್ ಅಲೆಗಳು

ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿ ಸಮೀಪ, ಶಾಂಭವಿ ಮತ್ತು ನಂದಿನಿ ನದಿಗಳು ಅರಬ್ಬಿ ಸಮುದ್ರ ಸೇರುವ ಅಳಿವೆಯ ಬಳಿಯ ಮರಳತೀರದಲ್ಲಿ ಏಳುವ, ಹಲಗೆಯ ಮೇಲೆ ನಿಂತು ಸವಾರಿ ಮಾಡಲು ತಕ್ಕ ಅಲೆಗಳು. ಇಲ್ಲಿ ಹವಳದ ದಿಬ್ಬವಿಲ್ಲ; ಅಲೆ ಮುರಿಯುವುದು ಮರಳಿನ ತಳದ ಮೇಲೆ. ನದಿಗಳು ತಂದು ಹಾಕುವ ಮರಳು ಅಳಿವೆಯ ಎದುರು ದಿಬ್ಬವಾಗುತ್ತದೆ. ದೂರದ ಬಿರುಗಾಳಿಗಳಿಂದ ಹುಟ್ಟಿ ನೈಋತ್ಯದಿಂದ ಬರುವ ಉಬ್ಬಲೆ ಈ ದಿಬ್ಬಕ್ಕೆ ತಾಗಿ ನಿಧಾನಗೊಂಡು, ಎತ್ತರವಾಗಿ, ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಮುರಿಯುತ್ತದೆ. ತಳ ಮೆಲ್ಲಗೆ ಏರುವಲ್ಲಿ ನೊರೆ ಚೆಲ್ಲುತ್ತ ಇಳಿಯುವ ಮಂದ ಅಲೆ. ಇದು ಕಲಿಯುವವರಿಗೆ ಒಳ್ಳೆಯದು. ತಳ ಥಟ್ಟನೆ ಏರುವಲ್ಲಿ ತುದಿ ಮಗುಚಿ ಬೀಳುವ ರಭಸದ ಅಲೆ. ಪ್ರತಿ ಮಳೆಗಾಲ ಮರಳನ್ನು ಸ್ಥಳಾಂತರಿಸುವುದರಿಂದ ಅಲೆ ಮುರಿಯುವ ಜಾಗವೂ ಬದಲಾಗುತ್ತದೆ.

ಬೆಳಗಿನ ನೆಲಗಾಳಿ ಅಲೆಯ ಮುಖವನ್ನು ನಯವಾಗಿಡುತ್ತದೆ. ಮಧ್ಯಾಹ್ನದ ಕಡಲಗಾಳಿ ಅದನ್ನು ಕದಡುತ್ತದೆ. ಮುಂಗಾರಿಗೆ ಮುಂಚಿನ ಮೇ ತಿಂಗಳು ಮತ್ತು ಮಳೆ ತಗ್ಗಿದ ನಂತರದ ವಾರಗಳು ಅನುಕೂಲಕರ. ಜೂನ್‌ನಿಂದ ಆಗಸ್ಟ್‌ವರೆಗೆ ಸಮುದ್ರ ಪ್ರಕ್ಷುಬ್ಧವಾಗಿದ್ದು, ಅಳಿವೆಯಲ್ಲಿ ಹೊರಮುಖದ ಸೆಳೆತ ಪ್ರಾಣಾಪಾಯಕಾರಿ. ಈಜು ಬಲ್ಲವರಿಗೂ ಇದು ಇಳಿಯುವ ಕಾಲವಲ್ಲ.

ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ ಭಾರತದಲ್ಲಿ ಈ ಕ್ರೀಡೆಯನ್ನು ಬೆಳೆಸಿದ ಮೊದಲಿಗರ ಸಾಲಿನದು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲಿ ನಡೆಯಿತು. ತೀವ್ರ ಕಡಲ್ಕೊರೆತ ಈ ತೀರದ ಮುಖ್ಯ ಸಮಸ್ಯೆ.