ಆರು ಸಿಲಿಂಡರ್‌ಗಳ ಹೊಸ ಕೂಪೆ ಕಾರು: ನೋಂದಣಿ, ತೆರಿಗೆ, ವಿಮೆ ಮತ್ತು ನಿರ್ವಹಣೆ ಕುರಿತು ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಎರಡು ಬಾಗಿಲುಗಳುಳ್ಳ, ತಗ್ಗಾದ ಮೈಕಟ್ಟಿನ ಕ್ರೀಡಾ ಮಾದರಿಯ ಕಾರನ್ನು ಕೂಪೆ ಎಂದು ಕರೆಯಲಾಗುತ್ತದೆ. ಆರು ಸಿಲಿಂಡರ್‌ಗಳ ಇಂತಹ ಹಲವು ಕಾರುಗಳ ಎಂಜಿನ್ ಸಾಮರ್ಥ್ಯ 3000 ಸಿ.ಸಿ. ಆಸುಪಾಸಿನಲ್ಲಿರುತ್ತದೆ. ಸ್ವಂತ ಬಳಕೆಗೆ ಕೊಂಡಾಗ ಇದು ಇತರ ಕಾರುಗಳಂತೆಯೇ ಸಾರಿಗೇತರ ಲಘು ಮೋಟಾರು ವಾಹನವಾಗಿದ್ದು, ಇದಕ್ಕೆ ಪ್ರತ್ಯೇಕ ಕಾನೂನು ಇರುವುದಿಲ್ಲ. ಆದರೆ ಬೆಲೆ ಅಧಿಕವಾಗಿರುವುದರಿಂದ ದಾಖಲೆಯಲ್ಲಿನ ಸಣ್ಣ ಲೋಪವೂ ಲಕ್ಷಾಂತರ ರೂಪಾಯಿಗಳ ನಷ್ಟಕ್ಕೆ ಕಾರಣವಾಗಬಹುದು. ನೋಂದಣಿ ಪತ್ರದಲ್ಲಿರುವ ಮಾಲೀಕರ ಹೆಸರು, ವಿಳಾಸ ಹಾಗೂ ವಾಹನದ ವಿವರ, ಈ ಮೂರೂ ವಾಸ್ತವ ಸ್ಥಿತಿಗೆ ಸದಾ ಹೊಂದಿಕೆಯಾಗಿರತಕ್ಕದ್ದು.

2. ನೋಂದಣಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 39ರನ್ವಯ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವಂತಿಲ್ಲ. ರಾಜ್ಯದಲ್ಲಿಯೇ ಕೊಂಡು ಇಲ್ಲಿಯೇ ನೋಂದಾಯಿಸುವ ಹೊಸ ಕಾರಿಗೆ ಮಾರಾಟಗಾರರೇ ಅರ್ಜಿ ಸಲ್ಲಿಸಬೇಕು. ನೋಂದಣಿ ಸಂಖ್ಯೆಯ ಫಲಕ ಅಳವಡಿಸುವವರೆಗೆ ಅಂತಹ ಕಾರನ್ನು ಖರೀದಿದಾರರಿಗೆ ಹಸ್ತಾಂತರಿಸುವಂತಿಲ್ಲ. ಅತಿ ಸುರಕ್ಷಿತ ನೋಂದಣಿ ಫಲಕವು 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾಗಿದೆ.

ಖರೀದಿದಾರರು ಪರಿಶೀಲಿಸಬೇಕಾದ ದಾಖಲೆಗಳು:

(ಅ) ನಮೂನೆ 20: ನೋಂದಣಿ ಅರ್ಜಿ (ಸಾಲದ ಕಾರಾಗಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಸಹಿಯೊಂದಿಗೆ)
(ಆ) ನಮೂನೆ 21: ಮಾರಾಟ ಪ್ರಮಾಣಪತ್ರ
(ಇ) ನಮೂನೆ 22: ತಯಾರಕರು ನೀಡುವ ರಸ್ತೆ ಯೋಗ್ಯತಾ ಪ್ರಮಾಣಪತ್ರ
(ಈ) ವಿಮಾ ಪತ್ರ, ವಿಳಾಸದ ಪುರಾವೆ ಮತ್ತು ಬೆಲೆ ಪಟ್ಟಿ

ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದೊಂದಿಗೆ ಅಕ್ಷರಶಃ ತಾಳೆ ನೋಡತಕ್ಕದ್ದು. ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ.

3. ಜೀವಾವಧಿ ತೆರಿಗೆ

ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರ ಅಡಿಯಲ್ಲಿ 20 ಲಕ್ಷ ರೂ. ಮೀರಿದ ಪೆಟ್ರೋಲ್ ಕಾರಿಗೆ ಅದರ ಬೆಲೆಯ ಶೇ. 18ರಷ್ಟು ಜೀವಾವಧಿ ತೆರಿಗೆ ವಿಧಿಸಲಾಗುತ್ತದೆ. ಉದಾಹರಣೆಗೆ, 90 ಲಕ್ಷ ರೂ. ಬೆಲೆಯ ಕಾರಿಗೆ 16,20,000 ರೂ. ತೆರಿಗೆಯಾಗುತ್ತದೆ. ಉಪಕರಗಳು ಪ್ರತ್ಯೇಕ. ಕಾರಿನ ಬೆಲೆಯನ್ನು ಮಾತ್ರ ಲೆಕ್ಕ ಹಾಕಿ ಮುಂಗಡ ನೀಡಿದ ಖರೀದಿದಾರರು ನೋಂದಣಿಯ ಹಂತದಲ್ಲಿ ತೊಂದರೆಗೀಡಾಗುವುದರಿಂದ ಈ ಮೊತ್ತವನ್ನು ಮೊದಲೇ ಹೊಂದಿಸಿಕೊಳ್ಳುವುದು ಸೂಕ್ತ.

10 ಲಕ್ಷ ರೂ. ಮೀರಿದ ಕಾರಿನ ಮೇಲೆ ಮಾರಾಟಗಾರರು ಶೇ. 1ರಷ್ಟು ಆದಾಯ ತೆರಿಗೆಯನ್ನು ಸಂಗ್ರಹಿಸುತ್ತಾರೆ. ಇದನ್ನು ಖರೀದಿದಾರರು ತಮ್ಮ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು.

4. ಹೊರ ರಾಜ್ಯದಲ್ಲಿ ನೋಂದಣಿಯಾದ ಕಾರುಗಳು

ತೆರಿಗೆ ಕಡಿಮೆ ಇರುವ ರಾಜ್ಯದ ವಿಳಾಸದಲ್ಲಿ ಕಾರನ್ನು ನೋಂದಾಯಿಸಿ ಕರ್ನಾಟಕದಲ್ಲಿ ಬಳಸುವುದರಿಂದ ಹಣ ಉಳಿಯುವುದೆಂಬ ಭಾವನೆ ತಪ್ಪು. ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳು ಮೀರಿ ಇರಿಸಿಕೊಂಡಲ್ಲಿ, ಕಲಂ 47ರನ್ವಯ ಹೊಸ ನೋಂದಣಿ ಸಂಖ್ಯೆ ಪಡೆಯತಕ್ಕದ್ದು. ಇದಕ್ಕೆ ನಮೂನೆ 27ರ ಅರ್ಜಿಯೊಂದಿಗೆ ಮೂಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಅಗತ್ಯ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಕಾರ್ಯಾಚರಣೆಯಲ್ಲಿ, ರಾಜ್ಯದ ತೆರಿಗೆ ಪಾವತಿಸದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಳ್ಳಲಾಯಿತು.

5. ವಿಮೆ

ಹೊಸ ಕಾರಿಗೆ 3 ವರ್ಷಗಳ ಮೂರನೇ ವ್ಯಕ್ತಿ ವಿಮೆ 2018ರ ಸೆಪ್ಟೆಂಬರ್ 1ರಿಂದ ಕಡ್ಡಾಯವಾಗಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1500 ಸಿ.ಸಿ. ಮೀರಿದ ಕಾರಿಗೆ ಇದರ ಕಂತು 24,596 ರೂ. ಆಗಿತ್ತು. ಈ ವಿಮೆಯು ಅನ್ಯರಿಗಾದ ಹಾನಿಗೆ ಮಾತ್ರ ಅನ್ವಯಿಸುತ್ತದೆ; ಸ್ವಂತ ಕಾರಿನ ಹಾನಿಗೆ ಪ್ರತ್ಯೇಕ ವಿಮೆ ಬೇಕು. ಅದು ಒಂದೇ ವರ್ಷದ್ದಾಗಿದ್ದಲ್ಲಿ ಮರುವರ್ಷವೇ ನವೀಕರಿಸತಕ್ಕದ್ದು. "ಮೂರು ವರ್ಷದ ವಿಮೆ ಇದೆ" ಎಂದು ನಂಬಿ ಎರಡನೇ ವರ್ಷ ಅಪಘಾತವಾದಾಗ ಪೂರ್ಣ ವೆಚ್ಚವನ್ನು ಭರಿಸುವ ಪ್ರಸಂಗ ಬರಬಾರದು.

ತಗ್ಗಾದ ಕಾರುಗಳಿಗೆ ಮಳೆಗಾಲದ ಕೆಳಸೇತುವೆಗಳು ಅಪಾಯಕಾರಿ. ನಿಂತ ನೀರಿನಲ್ಲಿ ಕಾರು ಬಂದ್ ಆದರೆ ಮತ್ತೆ ಚಾಲೂ ಮಾಡಲು ಪ್ರಯತ್ನಿಸಬಾರದು. ನೀರು ಸಿಲಿಂಡರ್‌ಗೆ ಸೇರಿ ಎಂಜಿನ್ ಕೆಡುವುದಲ್ಲದೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದಲ್ಲಿ ಪರಿಹಾರ ಸಿಗದೆ ಹೋಗಬಹುದು.

6. ನಿರ್ವಹಣೆ

(ಅ) ಎಂಜಿನ್ ಆಯಿಲ್: ತಯಾರಕರ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಬಳಸತಕ್ಕದ್ದು. ಕಾರು ಕಡಿಮೆ ಓಡಿದ್ದರೂ ನಿಗದಿತ ಅವಧಿ ಮುಗಿದ ಕೂಡಲೇ ಬದಲಿಸತಕ್ಕದ್ದು. ಮೊದಲ ಕೆಲವು ಸಾವಿರ ಕಿ.ಮೀ. ಅವಧಿಗೆ ಕೈಪಿಡಿಯಲ್ಲಿರುವ ವೇಗದ ಮಿತಿಯನ್ನು ಪಾಲಿಸತಕ್ಕದ್ದು.
(ಆ) ಇಂಧನ: ಪೆಟ್ರೋಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಅಥವಾ ಕೈಪಿಡಿಯಲ್ಲಿ ನಮೂದಿಸಿರುವ ಆಕ್ಟೇನ್ ಸಂಖ್ಯೆ ಮತ್ತು ಎಥನಾಲ್ ಪ್ರಮಾಣವನ್ನು ಗಮನಿಸಬೇಕು.
(ಇ) ಟೈರು: ಪಟ್ಟಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಬೇರೆ ಬೇರೆ ಇರುವ ಕಾರುಗಳಲ್ಲಿ ಅವುಗಳನ್ನು ಅದಲು ಬದಲು ಮಾಡಲಾಗದು. ಟೈರಿನ ಮೇಲಿನ 2324 ಎಂಬ ಅಂಕಿಯು 2024ರ 23ನೇ ವಾರದ ತಯಾರಿಕೆಯನ್ನು ಸೂಚಿಸುತ್ತದೆ.
(ಈ) ಹೊಗೆ ತಪಾಸಣೆ: ನೋಂದಣಿಯಾಗಿ ಒಂದು ವರ್ಷ ತುಂಬಿದ ನಂತರ ಪ್ರಮಾಣಪತ್ರ ಪಡೆದು, ಅವಧಿ ಮುಗಿಯುವ ಮುನ್ನ ನವೀಕರಿಸತಕ್ಕದ್ದು.

7. ಮಾರ್ಪಾಡು ಮತ್ತು ವೇಗ

ಕಲಂ 52ರನ್ವಯ, ನೋಂದಣಿ ಪತ್ರದ ವಿವರವು ತಯಾರಕರು ನೀಡಿದ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅಬ್ಬರಿಸುವ ಸೈಲೆನ್ಸರ್ ಅಳವಡಿಸುವುದು, ಹೊಗೆ ಶುದ್ಧೀಕರಣ ಸಾಧನವನ್ನು ಕಿತ್ತುಹಾಕುವುದು ಶಿಕ್ಷಾರ್ಹ. ಇಂತಹ ಮಾರ್ಪಾಡುಗಳಿಂದ ತಯಾರಕರ ಖಾತರಿಗೂ ವಿಮಾ ಪರಿಹಾರಕ್ಕೂ ಧಕ್ಕೆಯಾಗಬಹುದು.

ಕಾರಿನ ಸಾಮರ್ಥ್ಯ ಎಷ್ಟೇ ಇದ್ದರೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಮಾತ್ರ. 130 ಕಿ.ಮೀ. ಮೀರಿದವರ ವಿರುದ್ಧ ಮೊಕದ್ದಮೆ ದಾಖಲಿಸುವ ಕ್ರಮವನ್ನು ರಾಜ್ಯದ ಪೊಲೀಸರು 2024ರ ಆಗಸ್ಟ್ 1ರಿಂದ ಜಾರಿಗೆ ತಂದರು.

8. ವಿಳಾಸ ಬದಲಾವಣೆ ಮತ್ತು ಮಾರಾಟ

ವಿಳಾಸ ಬದಲಾದಲ್ಲಿ 30 ದಿನಗಳೊಳಗೆ ನಮೂನೆ 33ರಲ್ಲಿ ತಿಳಿಸತಕ್ಕದ್ದು. ಸಾಲ ತೀರಿದ ನಂತರ ನಮೂನೆ 35 ಸಲ್ಲಿಸಿ ಸಾಲದ ನಮೂದನ್ನು ರದ್ದುಪಡಿಸಿಕೊಳ್ಳತಕ್ಕದ್ದು. ಕಾರು ಮಾರಿದಾಗ ನಮೂನೆ 29 ಮತ್ತು 30ರ ಮೂಲಕ ಮಾಲೀಕತ್ವ ವರ್ಗಾವಣೆಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ನೋಂದಣಿ ಪತ್ರದಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಹಣ ಪಡೆದು ಕೀಲಿ ಕೊಟ್ಟ ಮಾತ್ರಕ್ಕೆ ಈ ಹೊಣೆ ಮುಗಿಯುವುದಿಲ್ಲ.

9. ಸೂಚನೆ

ತೆರಿಗೆ, ಶುಲ್ಕ ಮತ್ತು ವಿಮಾ ದರಗಳು ತಿದ್ದುಪಡಿಗೆ ಒಳಪಟ್ಟಿರುತ್ತವೆ. ಪಾವತಿಸುವ ದಿನದ ದರವನ್ನು ನಿಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಿಳಿದುಕೊಳ್ಳಬಹುದು. ಅರ್ಜಿದಾರರು ಮಧ್ಯವರ್ತಿಗಳ ಮೊರೆ ಹೋಗದೆ ನೇರವಾಗಿ ಅರ್ಜಿ ಸಲ್ಲಿಸಿ ರಸೀದಿ ಪಡೆಯಲು ಕೋರಲಾಗಿದೆ.